ಕರುಣೆ ಸಾಕು, ಕಸುಬು ಕಲಿಯಿರಿ

ಅರಸೀಕೆರೆ ಜಂಕ್ಷನ್ನಿಗೆ ಬೆಂಗಳೂರು ಕಡೆಯ ಗಾಡಿ ಬಂತೆಂದರೆ ಜನರಲ್ ಬೋಗಿಯ ಬಾಗಿಲಿಗೆ ಮುಗಿಬೀಳುವವರಲ್ಲಿ ಬಹಳಷ್ಟು ಮಂದಿ ನಿಮ್ಮ ವಯಸ್ಸಿನವರು. ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಅಂಕಪಟ್ಟಿಗಳು. ಡಿ.ಎಡ್. ಮಾಡಿ ಕೂತವರು, ಬಿ.ಎಡ್. ಮುಗಿಸಿ ಟಿ.ಇ.ಟಿ.ಗೆ ಓದುತ್ತಿರುವವರು, ಬಿ.ಎ. ಆದಮೇಲೆ ಮುಂದೇನು ಎಂದು ಗೊತ್ತಾಗದೆ ಯಾವುದೋ ಇಂಟರ್‌ವ್ಯೂಗೆ ಹೊರಟವರು. ಹೋಗಬೇಡಿ ಎನ್ನಲು ನಾನ್ಯಾರು? ಕೊಬ್ಬರಿಗೆ ಬೆಲೆ ಬಿದ್ದ ವರ್ಷ, ರಾಗಿಗೆ ಮಳೆ ಕೈಕೊಟ್ಟ ವರ್ಷ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಗಾಡಿ ಹತ್ತಿದ ಮಕ್ಕಳಿಂದಲೇ. ಆದರೆ ಹತ್ತುವ ಮೊದಲು ಒಂದು ಕೆಲಸದ ವಿಚಾರ ಕೇಳಿಸಿಕೊಂಡು ಹೋಗಿ. ಆ ಕೆಲಸಕ್ಕೆ ಜನ ಸಾಲದು. ಆ ಕೆಲಸ ಕಾಯುತ್ತಿರುವುದು ನೀವು ಹುಟ್ಟಿದ ಊರಿನಲ್ಲೇ, ಬಹುಶಃ ನಿಮ್ಮದೇ ಬೀದಿಯಲ್ಲಿ.

ವಿಶೇಷ ಶಿಕ್ಷಕರ ಕೆಲಸ ಅದು. ಕಣ್ಣು ಕಾಣದ, ಕಿವಿ ಕೇಳದ, ಕೈಕಾಲು ಹತೋಟಿಗೆ ಬಾರದ, ಬುದ್ಧಿ ನಿಧಾನವಾಗಿ ಬೆಳೆಯುವ, ಆಟಿಸಂ ಇರುವ, ಅಕ್ಷರದ ಮುಂದೆ ಎಡವುವ ಮಕ್ಕಳಿಗೆ ಕಲಿಸುವವರು ಇವರು. ಈ ಮಾತೆತ್ತಿದರೆ ಸಾಕು, ನಮ್ಮ ಕಡೆ ಜನ "ಪಾಪ, ಪುಣ್ಯದ ಕೆಲಸ ಬಿಡಿ" ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ನನ್ನ ಜಗಳವೆಲ್ಲ ಆ ನಿಟ್ಟುಸಿರಿನ ಮೇಲೆ. ಪಾಪ ಎಂದವರು ಬಾಳೆಹಣ್ಣು ಹಂಚುತ್ತಾರೆ, ಹುಟ್ಟುಹಬ್ಬದ ದಿನ ಊಟ ಹಾಕಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ಮರೆಯುತ್ತಾರೆ. ಆ ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವವರು ಯಾರು? ಅದು ಕರುಣೆಯಿಂದ ಆಗುವುದಿಲ್ಲ. ಅದಕ್ಕೆ ಕಸುಬು ಬೇಕು.

ಗುಂಡಿಯನ್ನೇ ನೋಡೋಣ. ನಾವು ಯೋಚಿಸದೆ ಮಾಡುವ ಆ ಕೆಲಸದಲ್ಲಿ ಐದಾರು ಹಂತಗಳಿವೆ: ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕಾಜ ಹಿಡಿದು ಬಿಡಿಸಬೇಕು, ಗುಂಡಿಯ ಅಂಚನ್ನು ತೂರಿಸಬೇಕು, ಹಿಡಿತ ಬದಲಿಸಬೇಕು, ಎಳೆಯಬೇಕು. ತರಬೇತಿ ಪಡೆದ ಶಿಕ್ಷಕಿ ಈ ಹಂತಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾಳೆ. ಆಮೇಲೆ, ನೋಡಿ, ಕೊನೆಯಿಂದ ಶುರುಮಾಡುತ್ತಾಳೆ. ಮೊದಲ ನಾಲ್ಕು ಹಂತ ತಾನು ಮಾಡಿ ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡುತ್ತಾಳೆ. ಹಾಗಾಗಿ ಮೊದಲ ದಿನವೇ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಅದು ಪಳಗಿದ ಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು. ಮೈಮೇಲಿನ ಅಂಗಿಗಿಂತ ಮೊದಲು ಮೇಜಿನ ಮೇಲೆ ಹರಡಿದ ದಪ್ಪ ಬಟ್ಟೆ, ಸಣ್ಣ ಗುಂಡಿಗಿಂತ ಮೊದಲು ಕೋಟಿನ ದೊಡ್ಡ ಗುಂಡಿ. ಕೈ ಹಿಡಿದು ಮಾಡಿಸಿದ್ದೆಷ್ಟು, ಬಾಯಿಮಾತಿನ ಸೂಚನೆಯಲ್ಲಿ ಮಾಡಿದ್ದೆಷ್ಟು, ತಾನಾಗಿಯೇ ಮಾಡಿದ್ದೆಷ್ಟು ಎಂದು ದಿನವೂ ಬರೆದಿಡುತ್ತಾಳೆ. ಮೂರು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಮಗುವನ್ನು ಬೈಯುವುದಿಲ್ಲ, ತನ್ನ ಹಂತಗಳನ್ನು ಇನ್ನೂ ಸಣ್ಣದಾಗಿ ಒಡೆಯುತ್ತಾಳೆ. ತಪ್ಪು ಮಗುವಿನಲ್ಲಿದೆ ಎಂದು ಹೊರಡದೆ ಕಲಿಸುವ ದಾರಿಯಲ್ಲಿದೆ ಎಂದು ಹೊರಡುವುದು ಈ ವೃತ್ತಿಯ ಮೊದಲ ಶಿಸ್ತು. ನಿಜ ಹೇಳಬೇಕೆಂದರೆ ಎಲ್ಲ ಶಿಕ್ಷಕರಿಗೂ ಈ ಶಿಸ್ತು ಇದ್ದಿದ್ದರೆ ನಮ್ಮಲ್ಲಿ ಅರ್ಧದಷ್ಟು ಮಕ್ಕಳು ದಡ್ಡರೆನಿಸಿಕೊಳ್ಳುತ್ತಿರಲಿಲ್ಲ.

ಬೇಲೂರು ಹಳೇಬೀಡಿನ ಸೀಮೆಯಲ್ಲಿ ಶಿಕ್ಷಕರ ದಿನಾಚರಣೆಯ ಭಾಷಣಕಾರರಿಗೆ ಹೋಲಿಕೆ ಹುಡುಕುವ ಕಷ್ಟವಿಲ್ಲ. ಗುರು ಶಿಲ್ಪಿ, ಮಗು ಕಲ್ಲು, ಬೇಡದ್ದನ್ನು ಕೆತ್ತಿದರೆ ಶಿಲಾಬಾಲಿಕೆ, ಚಪ್ಪಾಳೆ. ದಯವಿಟ್ಟು ಈ ಹೋಲಿಕೆಯನ್ನು ಮನೆಯಲ್ಲಿಟ್ಟು ಬನ್ನಿ. ಕಲ್ಲು ಬೇಡ ಎನ್ನುವುದಿಲ್ಲ. ಮಗು ಎನ್ನುತ್ತದೆ, ಕಚ್ಚಿ, ಕಿರುಚಿ, ಮುಖ ತಿರುಗಿಸಿ ಎನ್ನುತ್ತದೆ. ಆ ಬೇಡವನ್ನು ಕೇಳಿಸಿಕೊಳ್ಳದವರು ಈ ಕೆಲಸಕ್ಕೆ ಬರಬಾರದು. ಆದರೆ ಶಿಲ್ಪಿ ಜಕಣಾಚಾರಿಯ ಐತಿಹ್ಯದಲ್ಲಿ ನಮಗೆ ಬೇಕಾದ ಇನ್ನೊಂದು ಸಂಗತಿ ಇದೆ. ವಿಗ್ರಹದ ಕಲ್ಲಿನಲ್ಲಿ ಕಪ್ಪೆ ಇದೆಯೆಂದು ಡಂಕಣನೆಂಬ ಯುವಕ ತೋರಿಸಿದಾಗ ಜಕಣಾಚಾರಿ ಆಡಿದ ಮಾತಿಗೆ ತಪ್ಪದೆ ಬಲಗೈ ಕತ್ತರಿಸಿಕೊಂಡ, ಮುಂದೆ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ, ಕೈ ಮರಳಿ ಬಂತು ಎಂದು ಕಥೆ. ಚರಿತ್ರೆಯಲ್ಲಿ ಅವನು ಇದ್ದನೋ ಇಲ್ಲವೋ, ಅದು ಬೇರೆ ಚರ್ಚೆ. ಬೇಲೂರಿನ ಕಲ್ಲುಗಳ ಮೇಲೆ ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು. ಐತಿಹ್ಯ ಹೇಳುವವರೆಲ್ಲ ಕೈ ಮರಳಿ ಬಂದ ಪವಾಡಕ್ಕೆ ಕೈ ಮುಗಿಯುತ್ತಾರೆ. ಕೈ ಇಲ್ಲದ ದಿನಗಳಲ್ಲೂ ಅವನು ಗುಡಿ ಕಟ್ಟುತ್ತಿದ್ದ ಎಂಬ ಭಾಗ ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ಮನೆಗಳಲ್ಲೂ ಹಾಗೇ. ಮಗುವಿಗೆ ಮಾತು ಬಂದೀತು, ಕಾಲು ಬಂದೀತು ಎಂದು ಹರಕೆ ಹೊತ್ತು, ಆಸ್ಪತ್ರೆ ಸುತ್ತಿ, ಕಲಿಸಬೇಕಾದ ವರ್ಷಗಳನ್ನೆಲ್ಲ ಕಾಯುವುದರಲ್ಲೇ ಕಳೆಯುತ್ತಾರೆ. ಒಂದೇ ಕೈಯಲ್ಲಿ ಉಳಿ ಹಿಡಿಯುವುದು ಹೇಗೆಂದು ಇವತ್ತೇ ತೋರಿಸಿಕೊಡುವವರು ಬೇಕು.

ಆ ಕೆಲಸ ನಡೆಯುವ ಜಾಗಕ್ಕೆ ಹೋಗೋಣ. ಬಿಕ್ಕೋಡು ಕಡೆ ಒಂದು ಕಾಫಿ ತೋಟದ ಲೈನ್ ಮನೆ ಎಂದಿಟ್ಟುಕೊಳ್ಳಿ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ, ಹಲವು ಮನೆಗಳಿಗೆ ಹೊಂದುತ್ತದೆ. ಒಂಬತ್ತು ವರ್ಷದ ಹುಡುಗಿ, ಸೆರೆಬ್ರಲ್ ಪಾಲ್ಸಿ. ಹೆಸರು ಹತ್ತಿರದ ಸರ್ಕಾರಿ ಶಾಲೆಯ ದಾಖಲೆಯಲ್ಲಿದೆ, ಹುಡುಗಿ ಚಾಪೆಯ ಮೇಲೆ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಾರೆ, ಅಜ್ಜಿ ನೋಡಿಕೊಳ್ಳುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ವಾರಕ್ಕೊಮ್ಮೆ ಬರುವ ಶಿಕ್ಷಕಿಯನ್ನು ನಮ್ಮಲ್ಲಿ ಬಿ.ಐ.ಇ.ಆರ್.ಟಿ. ಎನ್ನುತ್ತಾರೆ. ಕರೆಯಲು ಕಷ್ಟವಾದ ಹೆಸರು. ಮನೆಯವರಿಗೆ ಅವರು ಬರೀ ಮೇಡಂ. ಆ ಕಡೆ ಆನೆ ಕಾಟ ಬೇರೆ, ಹೊತ್ತು ಮುಳುಗುವುದರೊಳಗೆ ತೋಟದ ದಾರಿ ಬಿಟ್ಟು ಟಾರು ರಸ್ತೆ ಸೇರಬೇಕು.

ಮೊದಲ ದಿನ ಒಳ್ಳೆಯ ಶಿಕ್ಷಕಿ ಏನನ್ನೂ ಕಲಿಸುವುದಿಲ್ಲ. ಅಜ್ಜಿ ಕೊಟ್ಟ ಕಾಫಿ ಕುಡಿದು, ಕೂತು ನೋಡುತ್ತಾಳೆ. ಹುಡುಗಿ ದಿನವಿಡೀ ಅಂಗಾತ ಮಲಗಿರುತ್ತಾಳೆ, ಅವಳಿಗೆ ಕಾಣುವುದು ಹೆಂಚು ಮಾತ್ರ. ಅಜ್ಜಿ ಮಲಗಿಸಿಯೇ ಉಣ್ಣಿಸುತ್ತಾರೆ, ಗಂಜಿ ನೆತ್ತಿಗೇರಿ ಕೆಮ್ಮುತ್ತಾಳೆ. ಹಾಗಾದರೆ ಮೊದಲ ಪಾಠ ಅ ಆ ಇ ಈ ಅಲ್ಲ, ಕೂರುವುದು. ಊರಿನ ಬಡಗಿಗೆ ಹೇಳಿ ಗೋಡೆಯ ಮೂಲೆಯಂತೆ ಎರಡು ಬದಿ ಕೂಡುವ ಬೆನ್ನಿರುವ ಪುಟ್ಟ ಕುರ್ಚಿ ಮಾಡಿಸಬೇಕು. ಪಾದ ನೆಲ ಮುಟ್ಟಬೇಕು, ಸೊಂಟ ಸರಿಯಾಗಿ ಮಡಚಬೇಕು, ತಲೆ ನೇರ ನಿಲ್ಲಬೇಕು. ಅಳತೆಗೆ ಫಿಸಿಯೋಥೆರಪಿಸ್ಟರ ಸಲಹೆ ಬೇಕು. ಕೂತ ದಿನ ಅವಳಿಗೆ ಬಾಗಿಲು ಕಾಣುತ್ತದೆ, ಅಂಗಳದ ಕೋಳಿ ಕಾಣುತ್ತದೆ, ಬರುವವರ ಮುಖ ಕಾಣುತ್ತದೆ. ಗಂಟಲಿಗೆ ಗಂಜಿ ಸರಿಯಾಗಿ ಇಳಿಯುತ್ತದೆ.

ಆಮೇಲೆ ಮಾತು. ನಾಲಿಗೆ ಹೊರಳದ ಮಗುವಿಗೆ ಹೇಳಲು ಏನೂ ಇಲ್ಲವೆಂದು ಅರ್ಥವಲ್ಲ. ಕಣ್ಣು ಮೇಲೆತ್ತಿದರೆ ಹೌದು, ಬದಿಗೆ ತಿರುಗಿಸಿದರೆ ಇಲ್ಲ ಎಂಬ ಒಪ್ಪಂದ ಮೊದಲು. ನಂತರ ಎರಡು ಚಿತ್ರಗಳು: ಅನ್ನ, ರೊಟ್ಟಿ. ಯಾವುದು ಬೇಕು? ಹುಟ್ಟಿದಂದಿನಿಂದ ಕೊಟ್ಟದ್ದನ್ನು ನುಂಗಿದ ಹುಡುಗಿಯನ್ನು ಮೊದಲ ಬಾರಿ ಯಾರೋ ನಿನಗೇನು ಬೇಕೆಂದು ಕೇಳಿದ್ದಾರೆ. ಆ ಎರಡು ಚಿತ್ರ ನಾಲ್ಕಾಗಿ, ಹತ್ತಾಗಿ, ಒಂದು ಹಲಗೆ ತುಂಬಿ, ಮುಂದೆ ಅಕ್ಷರಕ್ಕೂ ಲೆಕ್ಕಕ್ಕೂ ದಾರಿಯಾಗುತ್ತದೆ.

ಇಷ್ಟರ ಮಧ್ಯೆ ಶಿಕ್ಷಕಿ ಮಾಡಬಾರದ ಕೆಲಸಗಳೂ ಇವೆ. ಹರಕೆ ಹೊತ್ತ ಅಜ್ಜಿಯೊಂದಿಗೆ ದೇವರ ವಿಷಯಕ್ಕೆ ವಾದಕ್ಕಿಳಿಯಬಾರದು; ಅಜ್ಜಿಯಷ್ಟು ಆ ಮಗುವನ್ನು ಬಲ್ಲವರು ಇನ್ನೊಬ್ಬರಿಲ್ಲ. ದಿನದ ಕೂಲಿ ಮುಗಿಸಿ ಬಂದ ತಾಯಿಯ ತಲೆಗೆ ಎಂಟು ವ್ಯಾಯಾಮಗಳ ಪಟ್ಟಿ ಕಟ್ಟಬಾರದು. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಹೇಗೂ ಮಗುವಿನ ಕೈಕಾಲು ಆಡಿಸುತ್ತಾಳೆ, ಅದರಲ್ಲೇ ಒಂದೆರಡನ್ನು ಸೇರಿಸಿ ಕೊಡಬೇಕು. ವಾಸಿಯಾಗುತ್ತದೆ ಎಂದು ಸುಳ್ಳು ಹೇಳಬಾರದು, ಏನೂ ಆಗದು ಎಂದು ಇನ್ನೊಂದು ಸುಳ್ಳನ್ನೂ ಹೇಳಬಾರದು. ಸೆರೆಬ್ರಲ್ ಪಾಲ್ಸಿ ಗುಣವಾಗುವ ಕಾಯಿಲೆಯಲ್ಲ. ಆದರೆ ಅದಿರುವ ಮಗು ಕಲಿಯುತ್ತದೆ. ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ, ತಾಯಿಯ ಕಣ್ಣು ನೋಡಿ ಹೇಳುವ ಗಟ್ಟಿತನ ಬೇಕು. ಮತ್ತೆ, ಗೃಹಾಧಾರಿತ ಶಿಕ್ಷಣ ಎಂಬುದು ಆ ಮಗುವನ್ನು ಶಾಲೆಯಿಂದ ಹೊರಗಿಡುವ ನೆಪವಾಗಬಾರದು. ಕೂರಲು ಬಂದ ಮೇಲೆ ವಾರಕ್ಕೆರಡು ದಿನವಾದರೂ ಅವಳು ಶಾಲೆಯ ವರಾಂಡದಲ್ಲಿ ಇರಬೇಕು, ಗದ್ದಲದ ಮಧ್ಯೆ, ತನ್ನ ವಯಸ್ಸಿನವರ ಜತೆ.

ಇನ್ನೊಂದು ಜವಾಬ್ದಾರಿಯನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಬೇರೆಯವರ ಕೈಯಲ್ಲೇ ಸ್ನಾನ, ಬಟ್ಟೆ ಎಲ್ಲ ಆಗುವ ಮಕ್ಕಳಿಗೆ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಬೇಡವೆಂದು ಹೇಗೆ ತಿಳಿಸಬೇಕು ಎಂಬುದನ್ನು ಕಲಿಸಲೇಬೇಕು. ಅನುಮಾನ ಬಂದರೆ ಮರ್ಯಾದೆಯ ಮಾತಿಗೆ ಬಾಯಿ ಮುಚ್ಚಿಕೊಳ್ಳುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದೂ ದೂರು ಕೊಡದಿರುವುದು ಅಪರಾಧ. ಹಳ್ಳಿಯಲ್ಲಿ ಇದಕ್ಕೆ ಧೈರ್ಯ ಬೇಕು. ನಾನು ಯುವಕರನ್ನು ಕರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಕಿವಿ ಕೇಳದ ಮಕ್ಕಳ ವಿಷಯ ಬೇರೆಯದೇ. ಇವರು ಶಾಲೆಗೆ ಬರುತ್ತಾರೆ, ಗಲಾಟೆ ಮಾಡುವುದಿಲ್ಲ, ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ನಕಲು ಮಾಡುತ್ತಾರೆ. ನೋಟ್‌ಬುಕ್ಕಿಗೆ ಗುಡ್ ಬೀಳುತ್ತದೆ. ಬರೆದ ಒಂದು ಪದವೂ ಅವರಿಗೆ ಅರ್ಥವಾಗದೆ ಇರಬಹುದು ಎಂಬುದು ಐದನೇ ತರಗತಿಯವರೆಗೂ ಯಾರಿಗೂ ಹೊಳೆಯುವುದಿಲ್ಲ. ಮಗು ಭಾಷೆಯನ್ನು ಹೀರಿಕೊಳ್ಳುವುದು ಮೊದಲ ಕೆಲವೇ ವರ್ಷಗಳಲ್ಲಿ. ಆಗ ಶ್ರವಣಯಂತ್ರದ ಮೂಲಕ ಮಾತೋ, ಸಂಜ್ಞಾ ಭಾಷೆಯೋ, ಒಂದು ಭಾಷೆ ಅದಕ್ಕೆ ಸಿಗಲೇಬೇಕು. ಸಿಗದಿದ್ದರೆ ಆಮೇಲೆ ಗಣಿತ ಹೇಳಿಕೊಡುವುದಾದರೂ ಯಾವ ಭಾಷೆಯಲ್ಲಿ? ಮೂಗ ಎಂದು ಕರೆಯುವ ಊರಿಗೆ ಸಂಜ್ಞೆ ಕಲಿಸುವುದೂ ಶಿಕ್ಷಕರದೇ ಕೆಲಸ: ತಾಯಿಗೆ, ಪಕ್ಕದ ಬೆಂಚಿನವನಿಗೆ, ಅಂಗಡಿಯವನಿಗೆ.

ಇನ್ನು ಕಣ್ಣು ಕಾಣದ ಮಕ್ಕಳಿಗಾಗಿ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಗೆಗಳನ್ನು ನೋಡಲು ಪ್ರಪಂಚವೇ ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಹೇಳುವುದೇ ಬೇಡ. ಅದೇ ಊರಿನಲ್ಲಿ ಹುಟ್ಟಿದ ಅಂಧ ಮಗುವಿಗೆ ಆ ಗುಡಿ ಏನು? ಶಿಲ್ಪ ಮುಟ್ಟಬಾರದು ಎಂಬ ನಿಯಮ ಸರಿಯೇ, ಒಂಬೈನೂರು ವರ್ಷದ ಕಲ್ಲು. ಆದರೆ ಕೆರೆಯ ಜೇಡಿಮಣ್ಣಿಗೆ ಯಾವ ನಿಷೇಧವೂ ಇಲ್ಲ. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮೇಲೆ ಪುರಾಣದ ಕಥೆ, ಮಕರ, ಹಂಸ ಎಂದು ಮೊಳದುದ್ದದ ಮಾದರಿಯೊಂದನ್ನು ಮಣ್ಣಿನಲ್ಲಿ ಮಾಡಿಕೊಟ್ಟರೆ ಆ ಮಗುವಿನ ಬೆರಳು ಹೊಯ್ಸಳರನ್ನು ಓದುತ್ತದೆ. ತರಗತಿಯ ಉಳಿದ ಮಕ್ಕಳನ್ನೇ ಕೂಡಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು. ಎಷ್ಟು ಜನ ಆನೆಗೆ ಬಾಲ ಇಡುವುದನ್ನು ಮರೆಯುತ್ತಾರೋ ನೋಡಿ.

ಬ್ರೈಲ್ ಕಲಿಯುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಆರು ಚುಕ್ಕೆಗಳ ಒಂದು ಮನೆ, ಅದರಲ್ಲಿ 63 ಜೋಡಣೆಗಳು. ಕನ್ನಡ ಬ್ರೈಲಿನಲ್ಲಿ ಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ, ಒತ್ತಕ್ಷರ ಕಾಲಬುಡಕ್ಕೆ ಇಳಿಯುವುದಿಲ್ಲ. ಎಲ್ಲವೂ ಒಂದರ ಪಕ್ಕ ಒಂದು, ಒಂದೇ ಸಾಲಿನಲ್ಲಿ. ಕೈಯಲ್ಲಿ ಬರೆಯುವಾಗ ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ಬರೆಯಬೇಕು, ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ದಿನಕ್ಕೆ ಒಂದು ತಾಸು ಕೂತರೆ ಕೆಲವು ವಾರದಲ್ಲಿ ನಿಮ್ಮ ಕಣ್ಣಿಗೆ ಹತ್ತುತ್ತದೆ. ಬೆರಳಿಗೆ ಹತ್ತಲು ಹೆಚ್ಚು ದಿನ ಬೇಕು, ಮಕ್ಕಳು ನಿಮ್ಮನ್ನು ಹಿಂದೆ ಹಾಕುತ್ತಾರೆ.

ಕಣ್ಣಿಗೆ ಕಾಣುವ ಅಂಗವೈಕಲ್ಯದ ಮಾತಾಯಿತು. ಕಾಣದ್ದೂ ಇದೆ. ವ, ಮ, ಪ, ಷ ಒಂದೇ ಥರ ಕಾಣುವ, ಹ್ರಸ್ವ ದೀರ್ಘ ಕೈಕೊಡುವ, ಒತ್ತಕ್ಷರ ಬಂದಲ್ಲೆಲ್ಲ ಓದು ನಿಂತುಹೋಗುವ, ಆದರೆ ಬಾಯಿಲೆಕ್ಕದಲ್ಲಿ ಸಂತೆಯ ವ್ಯಾಪಾರಿಯನ್ನೂ ಮೀರಿಸುವ ಹುಡುಗರು ಬಾಣಾವರದಲ್ಲೂ ಇದ್ದಾರೆ, ಜಾವಗಲ್ಲಿನಲ್ಲೂ ಇದ್ದಾರೆ. ಕಲಿಕಾ ನ್ಯೂನತೆ ಎಂಬ ಹೆಸರು ಗೊತ್ತಿಲ್ಲದ ಶಾಲೆಯಲ್ಲಿ ಅವರಿಗೆ ಸೋಮಾರಿ ಎಂಬ ಹೆಸರು ಸಿಗುತ್ತದೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾರೆ. ಅಲ್ಲಿ ಎಂಜಿನ್ ಬಿಚ್ಚಿ ಜೋಡಿಸುವಾಗ ಊರಿಗೆ ಗೊತ್ತಾಗುತ್ತದೆ, ಹುಡುಗ ಚುರುಕಿದ್ದಾನೆ ಎಂದು. ಇವರನ್ನು ಮೂರನೇ ತರಗತಿಯಲ್ಲೇ ಗುರುತಿಸಬೇಕು. ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರಂಥ ಸೌಲಭ್ಯಗಳಿಗೆ ಪ್ರಮಾಣಪತ್ರ ಸಮೇತ ಅರ್ಜಿ ಹೋಗಿರಬೇಕು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ 2018ರಲ್ಲೇ ಹೇಳಿತ್ತು. ಕೊನೆಯ ದಿನಾಂಕ ದಾಟಿದ ಮೇಲೆ ಮರುಗಿ ಪ್ರಯೋಜನವಿಲ್ಲ. ಕಾಗದಪತ್ರ ನೀರಸ ಎನಿಸಬಹುದು, ಆದರೆ ಯು.ಡಿ.ಐ.ಡಿ. ಗುರುತಿನ ಕಾರ್ಡು, ಮಾಸಾಶನ, ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ, ಇವೆಲ್ಲ ಆ ನೀರಸ ಕಾಗದದಿಂದಲೇ ಬರಬೇಕು. ಪಂಚಾಯಿತಿಯಲ್ಲಿ ಕೆಲಸ ಮಾಡುವ ಪುನರ್ವಸತಿ ಕಾರ್ಯಕರ್ತರು, ಆಶಾ, ಅಂಗನವಾಡಿಯವರು ಇವರೆಲ್ಲರನ್ನೂ ಒಂದೇ ದಾರಕ್ಕೆ ಪೋಣಿಸುವುದು ವಿಶೇಷ ಶಿಕ್ಷಕರ ಕೆಲಸ.

ಇದಕ್ಕಿಂತ ಗಟ್ಟಿ ಕೆಲಸವೆಂದರೆ ಸಹೋದ್ಯೋಗಿಗಳನ್ನು ಒಪ್ಪಿಸುವುದು. "ಇದ್ದ ಮಕ್ಕಳಿಗೇ ಪಾಠ ಮುಗಿಯಲ್ಲ, ಇದನ್ನೆಲ್ಲಿ ಕೂರಿಸಲಿ ಮೇಡಂ" ಎನ್ನುವ ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅವರ ತರಗತಿಯಲ್ಲಿ ಅವರ ಪಕ್ಕ ನಿಂತು ಒಂದು ಪಾಠ ಮಾಡಿ ತೋರಿಸಿದರೆ ಹತ್ತು ಸುತ್ತೋಲೆಗಳ ಕೆಲಸ ಆಗುತ್ತದೆ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಕಾನೂನು ಚೆನ್ನಾಗಿಯೇ ಇದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತ್ತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆ ಗುರುತಿಸಿತು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಹಕ್ಕು. 2011ರ ಜನಗಣತಿಯಲ್ಲಿ ಕರ್ನಾಟಕದ 13.24 ಲಕ್ಷ ಜನ ಅಂಗವೈಕಲ್ಯವಿರುವವರು ಎಂದು ದಾಖಲಾಗಿದ್ದಾರೆ, ಅದೂ ಆ ಹಳೆಯ, ಸಣ್ಣ ಪಟ್ಟಿಯ ಕಾಲದಲ್ಲಿ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದಕ್ಕಿಂತ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಬೇಕೆಂದಿತು. 2025ರ ಮಾರ್ಚಿನಲ್ಲಿ ಮತ್ತೆ, ಹುದ್ದೆಗಳ ಸಂಖ್ಯೆ ಗುರುತಿಸಿ ಮಂಜೂರು ಮಾಡಿ, ತುಂಬಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಎರಡು ಸಲ ಹೇಳಿಸಿಕೊಳ್ಳಬೇಕಾದದ್ದು ನಾಚಿಕೆಯ ವಿಷಯ, ಆದರೆ ನಿಮಗೆ ಅದು ಸುದ್ದಿ: ತರಬೇತಾದವರು ಬೇಕಾಗಿದ್ದಾರೆ.

ಸಂಬಳದ ಮಾತು ಮರೆಸುವುದಿಲ್ಲ. ಇಂದು ಈ ಕೆಲಸದಲ್ಲಿ ಗುತ್ತಿಗೆಯವರು ಬಹಳ, ಸಂಬಳ ಕಡಿಮೆ, ಅದೂ ತಡವಾಗಿ. ಒಬ್ಬರ ತಲೆಯ ಮೇಲೆ ತಾಲ್ಲೂಕಿನ ಹಲವು ಹೋಬಳಿಗಳ ಭಾರ. ಸೇವೆ ಎಂಬ ಮಾತು ಹೇಳಿ ಅರ್ಧ ಸಂಬಳಕ್ಕೆ ದುಡಿಸಿಕೊಳ್ಳುವವರನ್ನು ನೀವು ಪ್ರಶ್ನಿಸಿ. ಕಸುಬಿಗೆ ಕೂಲಿ ಕೇಳುವುದು ತಪ್ಪಲ್ಲ. ಕೇಳುವ ಗಂಟಲುಗಳು ಹೆಚ್ಚಾಗಬೇಕಾದರೂ ಹೊಸಬರು ಒಳಗೆ ಬರಬೇಕು.

ನಮಗಿನ್ನೂ ಚಿಕ್ಕ ವಯಸ್ಸು, ಇಷ್ಟೆಲ್ಲ ಹೊರಲು ಆದೀತೆ ಎನ್ನುತ್ತೀರಾ? 1887ರಲ್ಲಿ ಅಮೆರಿಕದ ಅಲಬಾಮಾದ ಒಂದು ಮನೆಗೆ ಹೆಲೆನ್ ಕೆಲರ್ ಎಂಬ, ಏಳು ತುಂಬದ, ಕಾಣದ ಕೇಳದ ಹುಡುಗಿಗೆ ಕಲಿಸಲು ಬಂದಿಳಿದ ಆನ್ ಸಲಿವನ್‌ಗೆ ಆಗ 20 ವರ್ಷ. ಅವಳ ಕಣ್ಣೂ ಅಷ್ಟಕ್ಕಷ್ಟೆ. ಲೂಯಿ ಬ್ರೈಲ್ ತನ್ನ ಚುಕ್ಕೆ ಲಿಪಿಯ ಪುಸ್ತಕ ಹೊರತಂದದ್ದು 1829ರಲ್ಲಿ, ಅವನಿಗೂ 20. ದೂರದ ಮಾತೇಕೆ, ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ತೆರೆದದ್ದು 1901ರಲ್ಲಿ. ಆಗ ಕಾಯ್ದೆಯೂ ಇರಲಿಲ್ಲ, ಕೋರ್ಟಿನ ಆದೇಶವೂ ಇರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಕೈಗೆ ತಂಬೂರಿ, ಹಾರ್ಮೋನಿಯಂ, ತಬಲ ಕೊಟ್ಟು ಅನ್ನ ದುಡಿಯುವ ವಿದ್ಯೆ ಕಲಿಸಿದರು. ಇಬ್ಬರೂ ಸ್ವತಃ ಅಂಧರು. ಹಾಗಾಗಿ ಇದನ್ನು ಓದುತ್ತಿರುವವರಲ್ಲಿ, ಅಥವಾ ಯಾರೋ ಓದಿ ಹೇಳುತ್ತಿರುವುದನ್ನು ಕೇಳುತ್ತಿರುವವರಲ್ಲಿ, ಅಂಗವೈಕಲ್ಯವಿರುವವರಿದ್ದರೆ ಕರೆ ಮೊದಲು ನಿಮಗೆ. ಪುಸ್ತಕದಲ್ಲಿ ಬರೆದಿರದ ಎಷ್ಟೋ ಸಂಗತಿ ನಿಮಗೆ ಗೊತ್ತಿದೆ.

ನಮ್ಮ ಹಾಸನ ಜಿಲ್ಲೆಯವರೇ ಆದ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಅವರ ಚಿತ್ರವನ್ನು ಶಾಲೆಯ ಗೋಡೆಗೆ ಹಾಕಿ, ಹಾಕಲೇಬೇಕು. ಆದರೆ ಅದನ್ನು ತೋರಿಸಿ "ಅವರು ಮಾಡಿದರು, ನೀನ್ಯಾಕೆ ಮಾಡಬಾರದು" ಎಂದು ಮಕ್ಕಳನ್ನು ಹಿಂಸಿಸಬೇಡಿ. ಕಾಲು ಸರಿ ಇರುವ ನಮ್ಮಲ್ಲಿ ಎಷ್ಟು ಜನ 1.74 ಮೀಟರ್ ಜಿಗಿದಿದ್ದೇವೆ? ಊಟದ ಡಬ್ಬಿಯ ಮುಚ್ಚಳ ತಾನೇ ತೆಗೆದ ಹುಡುಗ, ಗಂಡಸಿಯಿಂದ ಅರಸೀಕೆರೆಗೆ ಒಬ್ಬಳೇ ಬಸ್ಸಿನಲ್ಲಿ ಬಂದ ಹುಡುಗಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತಂದವನು, ಇವರ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಅದನ್ನು ಸುದ್ದಿ ಎಂದು ಎಣಿಸುವ ಕಣ್ಣು ಶಿಕ್ಷಕರಿಗಿರಬೇಕು.

ಬರುತ್ತೇವೆ ಎನ್ನುವವರಿಗೆ ದಾರಿ ಹೇಳುತ್ತೇನೆ. ಪಿ.ಯು.ಸಿ. ಆದವರಿಗೆ ವಿಶೇಷ ಶಿಕ್ಷಣದ ಡಿ.ಎಡ್. ಇದೆ, ಪದವಿ ಆದವರಿಗೆ ವಿಶೇಷ ಬಿ.ಎಡ್. ಕಾಲೇಜಿಗೆ ಫೀಸು ಕಟ್ಟುವ ಮೊದಲು ಆ ವರ್ಷಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ವೆಬ್‌ಸೈಟಿನಲ್ಲೇ ನೋಡಿ. ಏಜೆಂಟರ ಮಾತು ನಂಬಬೇಡಿ. ಕೋರ್ಸು ಮುಗಿದ ಮೇಲೆ ಪರಿಷತ್ತಿನಲ್ಲಿ ನೋಂದಣಿ ಆಗಬೇಕು, ಅದಿಲ್ಲದೆ ಈ ವೃತ್ತಿ ಮಾಡುವಂತಿಲ್ಲ. ಶ್ರವಣದೋಷದ ವಿಭಾಗ ಆರಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರದ ಮೇಲೆ ನೇರ ರೈಲು. ಈಗಾಗಲೇ ಸಾಮಾನ್ಯ ಶಾಲೆಯಲ್ಲಿ ಶಿಕ್ಷಕರಾಗಿರುವವರೂ ಸಮನ್ವಯ ಶಿಕ್ಷಣದ ತರಬೇತಿ ಬಂದಾಗ ಸಹಿ ಹಾಕಿ ಎದ್ದು ಬರಬೇಡಿ, ಕೊನೆಯ ಬೆಂಚಿನಿಂದ ಮುಂದೆ ಬಂದು ಕೂರಿ.

ಕೋರ್ಸಿಗೆ ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಅರಸೀಕೆರೆ ತಾಲ್ಲೂಕಿನವರು ಅರಸೀಕೆರೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಬೇಲೂರು ಹಳೇಬೀಡಿನವರು ಬೇಲೂರಿನ ಕೇಂದ್ರಕ್ಕೆ ಹೋಗಿ ಬಿ.ಐ.ಇ.ಆರ್.ಟಿ. ಯಾರೆಂದು ಕೇಳಿ. ಅವರು ಬಹುಶಃ ಯಾವುದೋ ಹಳ್ಳಿಯಲ್ಲಿರುತ್ತಾರೆ, ಕಾಯಿರಿ ಅಥವಾ ಮರುದಿನ ಬನ್ನಿ. ಮನೆಭೇಟಿಗೆ ನಿಮ್ಮನ್ನೂ ಕರೆದೊಯ್ಯುವಂತೆ ಕೇಳಿಕೊಳ್ಳಿ. ಕೇಂದ್ರದ ಮುಖ್ಯಸ್ಥರ ಒಪ್ಪಿಗೆ ಬೇಕು, ಆ ಮನೆಯವರ ಒಪ್ಪಿಗೆಯೂ ಬೇಕು. ಫೋನು ಚೀಲದಲ್ಲಿರಲಿ, ಫೋಟೊ ಬೇಡ. ತಿಂಡಿ ಪೊಟ್ಟಣ ಬೇಡ. ಒಂದು ಚಿಕ್ಕ ನೋಟ್‌ಬುಕ್ ಇರಲಿ, ಗಟ್ಟಿ ಚಪ್ಪಲಿ ಇರಲಿ. ಮೇಡಂ ಕೂರುವ ಕಡೆ ಕೂತು, ಅವರ ಕೈ ಏನು ಮಾಡುತ್ತದೆ, ಮಗುವಿನ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ, ಹೊರಗೆ ಬಂದ ಮೇಲೆ ಬರೆದುಕೊಳ್ಳಿ. ವಾಪಸು ಬರುವ ದಾರಿಯಲ್ಲಿ ಅವರನ್ನು ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳಿದ್ದರೆ ಅರ್ಜಿ ತುಂಬಿ.